ಉಸಿರಿನ ವಾರ್ಡಿನಲ್ಲಿ ಭಯಕ್ಕೊಂದು ಕಾಲಂ ಬೇಡವೇ?

2021ರ ಮೇ ತಿಂಗಳಲ್ಲಿ ಕೋವಿಡ್ ನ್ಯುಮೋನಿಯಾಕ್ಕೆ ತುತ್ತಾಗಿ ನಾನು ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಮಲಗಿದ್ದೆ. ಹಂಪಿಯ ಸ್ಮಾರಕಗಳಿಗೂ ಬೀಗ ಬಿದ್ದಿದ್ದ ದಿನಗಳವು. ಪಕ್ಕದ ಹಾಸಿಗೆಯಲ್ಲಿ ಕಂಪ್ಲಿ ಕಡೆಯ ಭತ್ತದ ರೈತರೊಬ್ಬರಿದ್ದರು. ಗಳಿಗೆಗೊಮ್ಮೆ ಆಮ್ಲಜನಕದ ಮಾಸ್ಕ್ ಕಿತ್ತು ನನ್ನತ್ತ ತಿರುಗಿ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಇದ್ರಾಗ ಗಾಳಿ ಐತೋ ಇಲ್ಲೋ, ನೋಡಿ ಹೇಳ್ರಿ ಸಾರ್.’

ಪ್ರಶ್ನೆಯೇನೂ ಹುಚ್ಚಿನದಾಗಿರಲಿಲ್ಲ. ಆ ತಿಂಗಳ ಮೊದಲ ವಾರದಲ್ಲಷ್ಟೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಸತ್ತಿದ್ದರು. ಆಮ್ಲಜನಕ ತೀರಿದ ಸುದ್ದಿ ಎಲ್ಲ ಮೊಬೈಲುಗಳಲ್ಲೂ ಹರಿದಾಡಿತ್ತು. ಅದಕ್ಕೂ ಹಿಂದೆ, 2020ರ ಜೂನ್ ಕೊನೆಯಲ್ಲಿ, ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ಶವಗಳನ್ನು ಗುಂಡಿಗೆ ಎಸೆದ ದೃಶ್ಯವನ್ನು ಜನ ಕಂಡಿದ್ದರು. ಜಿಲ್ಲಾಡಳಿತ ಕ್ಷಮೆ ಕೋರಿತು, ನಿಜ. ಆದರೆ ಸಾವಿಗಿಂತ ಸತ್ತ ಮೇಲಿನ ಗತಿಗೆ ಹೆಚ್ಚು ಅಂಜುವ ನಮ್ಮ ಜನರಿಗೆ ಆ ದೃಶ್ಯ ಮರೆಯುವಂಥದ್ದಲ್ಲ. ವಿಪರ್ಯಾಸವೆಂದರೆ, ಅದೇ ಹೊತ್ತಿಗೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರುಗಟ್ಟಲೆ ಆಮ್ಲಜನಕ ಹೊರಹೋಗುತ್ತಿತ್ತು. ಅದೇ ಮೇ ತಿಂಗಳಲ್ಲಿ ಅಲ್ಲಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯೂ ಸಿದ್ಧವಾಯಿತು.

ಉಸಿರು ಸಾಲದೆನ್ನಿಸಿದಾಗ ಹುಟ್ಟುವ ಭಯ ಮನೋದೌರ್ಬಲ್ಯವಲ್ಲ. ಅದು ಮಿದುಳು ಕೊಡುವ ಅಪಾಯದ ಸೂಚನೆ. ಹೆದರಿದವನ ಉಸಿರಾಟ ಚುರುಕಾಗುತ್ತದೆ, ಆದರೆ ಆಳ ಕಳೆದುಕೊಳ್ಳುತ್ತದೆ. ಹೃದಯದ ಬಡಿತವೇರಿ ದೇಹಕ್ಕೆ ಬೇಕಾದ ಆಮ್ಲಜನಕವೂ ಹೆಚ್ಚುತ್ತದೆ. ಅದರಿಂದ ಉಬ್ಬಸ, ಉಬ್ಬಸದಿಂದ ಮತ್ತೆ ಭಯ. ಅರ್ಥಶಾಸ್ತ್ರ ಓದಿದ ನನಗೆ ಚಕ್ರಬಡ್ಡಿಯ ಲೆಕ್ಕ ನೆನಪಾಯಿತು. ನಿದ್ರೆ ಬರಿಸೋಣವೆಂದರೆ ಕೆಲವು ಶಾಮಕ ಔಷಧಿಗಳು ಉಸಿರಾಟವನ್ನೇ ಕುಗ್ಗಿಸುತ್ತವೆ. ಇನ್ನೊಂದು ತೊಡಕೂ ಉಂಟು. ರೋಗಿಯ ಚಡಪಡಿಕೆ ಆಮ್ಲಜನಕ ಇಳಿಯುತ್ತಿರುವುದರ ಅಥವಾ ಸನ್ನಿಯ ಲಕ್ಷಣವೂ ಇರಬಹುದಾದ್ದರಿಂದ ‘ಬರೀ ಹೆದರಿಕೆ’ ಎಂದು ತಳ್ಳಿಹಾಕುವಂತಿಲ್ಲ. ಮೊದಲು ಬೆರಳಿಗೆ ಆಕ್ಸಿಮೀಟರ್, ಅನಂತರ ಮಾತು.

ನಮ್ಮ ವಾರ್ಡಿನಲ್ಲಿ ಮಾತಿಗೆ ಯಾರಿಗೂ ಬಿಡುವಿರಲಿಲ್ಲ. ಮೂರನೆಯ ರಾತ್ರಿ ನಾನೇ ಮಾಸ್ಕ್ ಕಿತ್ತು ಮನೆಗೆ ಹೊರಟು ನಿಂತಿದ್ದೆನಂತೆ. ನನಗೆ ಅರೆಬರೆ ನೆನಪು. ಆ ರೈತರ ಕೈಗಳನ್ನಂತೂ ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಮರುದಿನ ಸಂಜೆ ನರ್ಸ್ ಒಬ್ಬರು ತಮ್ಮದೇ ಫೋನಿನಲ್ಲಿ ಅವರ ಮಗನಿಗೆ ವಿಡಿಯೊ ಕರೆ ಮಾಡಿದರು. ಭತ್ತ ಚೀಲಕ್ಕೆ ತುಂಬಿ ಮಿಲ್ಲಿಗೆ ಹಾಕಿದ್ದಾಯಿತು, ಎಮ್ಮೆ ಈಯಿತು ಎಂದೆಲ್ಲ ಹೇಳಿ ಆತ ಕೊನೆಗೆ, ‘ಅಪ್ಪಾ, ಮಾಸ್ಕ್ ತೆಗೀಬ್ಯಾಡ’ ಎಂದ. ಐದು ನಿಮಿಷವೂ ಆಗಿರಲಿಕ್ಕಿಲ್ಲ. ಕೈಗಳನ್ನು ಬಿಚ್ಚಿದರು. ಅವರು ಗುಣವಾಗಿ ಮನೆಗೆ ಹೋದದ್ದು ಆ ಕರೆಯಿಂದಲೇ ಎನ್ನಲಾರೆ; ಆ ರಾತ್ರಿ ಮಾಸ್ಕ್ ಮುಖದ ಮೇಲೆಯೇ ಇತ್ತೆಂಬುದಕ್ಕೆ ನಾನು ಸಾಕ್ಷಿ.

ಮನೋವೈದ್ಯರೇ ಬಂದು ನೋಡಬೇಕೆಂದು ನಾನು ಕೇಳುತ್ತಿಲ್ಲ. ಅದರ ಅಗತ್ಯವಿಲ್ಲವೆಂದು ನಾಲ್ಕು ದಶಕಗಳ ಹಿಂದೆಯೇ ತೋರಿಸಿಕೊಟ್ಟದ್ದು ನಮ್ಮದೇ ಜಿಲ್ಲೆ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗಳಿಗೆ ಮುಟ್ಟಿಸುವ ಪ್ರಯೋಗಕ್ಕೆ ಆರಿಸಿಕೊಂಡದ್ದು ಆಗಿನ ಬಳ್ಳಾರಿ ಜಿಲ್ಲೆಯನ್ನು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದರ ಆಧಾರದ ಮೇಲೆ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಪರಂಪರೆಯಂತೂ ಎರಡಕ್ಕೂ ಸೇರಿದ್ದು.

ಕೋವಿಡ್ ಹಿಂದೆ ಸರಿದರೂ ನ್ಯುಮೋನಿಯಾ, ಎಚ್1ಎನ್1 ರೋಗಿಗಳು ಬರುತ್ತಲೇ ಇದ್ದಾರೆ. ಆಸ್ಪತ್ರೆಯಲ್ಲಿರುವವರ ಆತಂಕ, ಖಿನ್ನತೆಗಳನ್ನು ಅಳೆಯಲು ಹದಿನಾಲ್ಕೇ ಪ್ರಶ್ನೆಗಳ ಮಾಪಕವೊಂದು 1983ರಿಂದಲೂ ಬಳಕೆಯಲ್ಲಿದೆ. ಅಷ್ಟೂ ಆಗದಿದ್ದರೆ, ನಾಡಿ, ಜ್ವರ, ಆಮ್ಲಜನಕ ಬರೆಯುವ ಚಾರ್ಟಿನಲ್ಲಿ ಇನ್ನೊಂದು ಕಾಲಂ ಗೆರೆ ಹಾಕಿ ‘ಹೆದರಿಕೆಯಾಗುತ್ತಿದೆಯೇ?’ ಎಂದು ಪಾಳಿಗೊಮ್ಮೆ ಕೇಳಬಹುದು. ಸಂಜೆಯ ಕರೆಗೆ ವಾರ್ಡಿಗೊಂದು ಫೋನನ್ನೂ ಕೊಡಬೇಕು. ಆ ನರ್ಸ್ ಅಂದು ಬಳಸಿದ್ದು ಸ್ವಂತ ಫೋನು, ಸ್ವಂತ ಕರೆನ್ಸಿ.