ಹನ್ನೊಂದು ವರ್ಷ ಮಾತು ಬಿಟ್ಟ ಗೆಳೆಯರು

1801ರ ಮಾರ್ಚ್ 4ರಂದು ಬೆಳಗಿನ ಜಾವ ನಾಲ್ಕು ಗಂಟೆಗೇ ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಕುದುರೆಗಾಡಿ ಹತ್ತಿ ವಾಷಿಂಗ್ಟನ್ ಬಿಟ್ಟು ಹೊರಟರು. ಚುನಾವಣೆಯಲ್ಲಿ ಅವರನ್ನು ಸೋಲಿಸಿದ್ದ ಥಾಮಸ್ ಜೆಫರ್‌ಸನ್ ಅಂದು ಮಧ್ಯಾಹ್ನ ಪ್ರಮಾಣವಚನ ಸ್ವೀಕರಿಸಲಿದ್ದರು. ಆಡಮ್ಸ್ ಅದಕ್ಕೆ ನಿಲ್ಲಲಿಲ್ಲ. ಆ ತಿಂಗಳು ಬರೆದುಕೊಂಡ ಒಂದೆರಡು ಔಪಚಾರಿಕ ಪತ್ರಗಳನ್ನು ಬಿಟ್ಟರೆ, ಮುಂದೆ ಹನ್ನೊಂದು ವರ್ಷ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಹಾಗೆಂದು ಅವರು ಹುಟ್ಟಾ ವೈರಿಗಳಲ್ಲ. 1776ರಲ್ಲಿ ಸ್ವಾತಂತ್ರ್ಯ ಘೋಷಣೆಯ ಕರಡು ಸಿದ್ಧಪಡಿಸಿದ ಐವರ ಸಮಿತಿಯಲ್ಲಿ ಇಬ್ಬರೂ ಇದ್ದರು. ಬರೆದವರು ಜೆಫರ್‌ಸನ್, ಸಭೆಯಲ್ಲಿ ಅದರ ಪರವಾಗಿ ಗಂಟಲು ಹರಿಯುವಂತೆ ವಾದಿಸಿದವರು ಆಡಮ್ಸ್. ಒಬ್ಬರು ಮ್ಯಾಸಚೂಸೆಟ್ಸ್‌ನ ಕುಳ್ಳಗಿನ, ದುಂಡಗಿನ, ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೇ ಹೇಳಿಬಿಡುವ ವಕೀಲ. ಇನ್ನೊಬ್ಬರು ವರ್ಜೀನಿಯಾದ ಎತ್ತರದ ಜಮೀನ್ದಾರ. ಸಭೆಯಲ್ಲಿ ಬಾಯಿ ತೆರೆಯುವುದೇ ಅಪರೂಪ, ಲೇಖನಿ ಹಿಡಿದರೆ ಸಾಟಿಯಿಲ್ಲ.

ಮುಂದೆ ಆಡಮ್ಸ್ ಲಂಡನ್ನಿನಲ್ಲಿ, ಜೆಫರ್‌ಸನ್ ಪ್ಯಾರಿಸ್ಸಿನಲ್ಲಿ ರಾಯಭಾರಿಗಳಾದರು. 1786ರಲ್ಲಿ ಇಬ್ಬರೂ ಇಂಗ್ಲೆಂಡಿನ ತೋಟಗಳನ್ನು ನೋಡುತ್ತ ಸುತ್ತಿದರು. ಷೇಕ್ಸ್‌ಪಿಯರ್‌ನ ಊರಿಗೂ ಹೋಗಿ, ಅವನದೆಂದು ತೋರಿಸಿದ ಕುರ್ಚಿಯಿಂದ ನೆನಪಿಗೊಂದು ಚೂರು ಕೆತ್ತಿಕೊಂಡು ಬಂದರು. ಮರುವರ್ಷ ಜೆಫರ್‌ಸನ್ನರ ಎಂಟು ವರ್ಷದ ಮಗಳು ಪಾಲಿ ಹಡಗಿನಲ್ಲಿ ಲಂಡನ್ನಿಗೆ ಬಂದಿಳಿದಾಗ ಆ ತಾಯಿಯಿಲ್ಲದ ಮಗುವನ್ನು ಮಡಿಲಿಗೆ ಹಾಕಿಕೊಂಡವರು ಆಡಮ್ಸ್‌ರ ಹೆಂಡತಿ ಅಬಿಗೈಲ್. ಪ್ಯಾರಿಸ್ಸಿಗೆ ಹೊರಡುವಾಗ ಪಾಲಿ ಅವರನ್ನು ಬಿಟ್ಟು ಹೋಗಲೊಲ್ಲೆ ಎಂದು ಹಟ ಹಿಡಿದಿತ್ತು. ಮಗುವಿನ ಜೊತೆಗೆ ಬಂದಿದ್ದವಳು ಹದಿನಾಲ್ಕರ ಸ್ಯಾಲಿ ಹೆಮಿಂಗ್ಸ್, ಜೆಫರ್‌ಸನ್ನರ ಗುಲಾಮಳು.

ಇಷ್ಟು ಹತ್ತಿರದವರನ್ನು ದೂರ ಮಾಡಿದ್ದು ಅಧಿಕಾರ. 1796ರ ಅಧ್ಯಕ್ಷ ಚುನಾವಣೆಯಲ್ಲಿ ಆಡಮ್ಸ್‌ಗೆ 71 ಎಲೆಕ್ಟೊರಲ್ ಮತ, ಜೆಫರ್‌ಸನ್ನರಿಗೆ 68. ಎರಡನೆಯವರೇ ಉಪಾಧ್ಯಕ್ಷ ಎಂಬುದು ಅಂದಿನ ನಿಯಮ, ಹಾಗಾಗಿ ಎದುರಾಳಿಗಳಿಬ್ಬರೂ ಒಂದೇ ಸರ್ಕಾರದಲ್ಲಿ. 1798ರಲ್ಲಿ ಸರ್ಕಾರವನ್ನು ಟೀಕಿಸಿದ ಪತ್ರಕರ್ತರನ್ನು ಜೈಲಿಗೆ ಹಾಕುವ ಕಾನೂನಿಗೆ ಆಡಮ್ಸ್ ಸಹಿ ಹಾಕಿದರು. ಅವರ ಬಾಳಿನ ದೊಡ್ಡ ಕಳಂಕ ಅದು. ಇತ್ತ ಉಪಾಧ್ಯಕ್ಷರು ತಮ್ಮದೇ ಸರ್ಕಾರದ ವಿರುದ್ಧ ಗುಟ್ಟಾಗಿ ನಿರ್ಣಯ ಬರೆದುಕೊಟ್ಟರು. ಆಡಮ್ಸ್‌ರನ್ನು ಬಾಯಿಗೆ ಬಂದಂತೆ ಬೈದು ಬರೆಯುತ್ತಿದ್ದ ಜೇಮ್ಸ್ ಕ್ಯಾಲೆಂಡರ್ ಎಂಬಾತನಿಗೆ ಹಣವನ್ನೂ ಕಳಿಸಿದರು. ನನಗೆ ಇದನ್ನು ಕ್ಷಮಿಸುವುದು ಕಷ್ಟ. ಅದೇ ಕ್ಯಾಲೆಂಡರ್ 1802ರಲ್ಲಿ ಜೆಫರ್‌ಸನ್ನರ ಮೇಲೇ ತಿರುಗಿಬಿದ್ದು, ಸ್ಯಾಲಿಯ ಮಕ್ಕಳ ತಂದೆ ಅವರೇ ಎಂದು ಪತ್ರಿಕೆಯಲ್ಲಿ ಬರೆದ.

1804ರಲ್ಲಿ ಪಾಲಿ ತೀರಿಕೊಂಡಳು. ಅಬಿಗೈಲ್ ಗಂಡನಿಗೂ ತಿಳಿಸದೆ ಜೆಫರ್‌ಸನ್ನರಿಗೆ ಸಾಂತ್ವನದ ಪತ್ರ ಬರೆದರು. ಸಂಬಂಧ ಚಿಗುರಬಹುದಿತ್ತು. ಆದರೆ ಆಡಮ್ಸ್ ಕೊನೆಗಳಿಗೆಯಲ್ಲಿ ತಮ್ಮವರನ್ನು ನ್ಯಾಯಾಧೀಶರನ್ನಾಗಿ ನೇಮಿಸಿದ ಹಳೆಯ ನೋವನ್ನು ಜೆಫರ್‌ಸನ್ ಕೆದಕಿದರು. ಅಬಿಗೈಲ್ ಕ್ಯಾಲೆಂಡರನ ಲೆಕ್ಕ ತೆಗೆದರು. ಕೆಲವೇ ಪತ್ರಗಳಲ್ಲಿ ಅದೂ ನಿಂತಿತು.

ಕೊನೆಗೆ ಕೈ ಹಾಕಿದವರು ಇಬ್ಬರಿಗೂ ಬೇಕಾದವರಾಗಿದ್ದ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್. ಇಬ್ಬರೂ ಮತ್ತೆ ಪತ್ರ ಬರೆದುಕೊಂಡಂತೆ ತನಗೆ ಕನಸು ಬಿತ್ತು ಎಂದು 1809ರಲ್ಲಿ ಆಡಮ್ಸ್‌ಗೆ ಬರೆದರು. ಆಮೇಲೂ ಎರಡೂ ಕಡೆ ಪುಸಲಾಯಿಸುತ್ತ ಬಂದರು. 1812ರ ಹೊಸವರ್ಷದ ದಿನ ಆಡಮ್ಸ್ ಬಿಗುಮಾನ ಬಿಟ್ಟು ಪುಟ್ಟ ಪತ್ರ ಬರೆದರು. ನಮ್ಮ ಕಡೆ ಮನೆಯಲ್ಲೇ ನೇಯ್ದ ಎರಡು ತುಂಡು ಬಟ್ಟೆ ಕಳಿಸುತ್ತಿದ್ದೇನೆ ಎಂಬುದು ಅದರ ಸಾರ. ಪತ್ರ ಮೊದಲು ತಲುಪಿತು, ಪೊಟ್ಟಣ ತಡವಾಯಿತು. ಜೆಫರ್‌ಸನ್ ಅದನ್ನು ನಿಜವೆಂದೇ ನಂಬಿ, ವರ್ಜೀನಿಯಾದ ಮನೆಮನೆಯಲ್ಲೂ ನೂಲುವುದು ನೇಯುವುದು ಹೇಗೆ ನಡೆದಿದೆ ಎಂದು ವಿವರವಾಗಿ ಉತ್ತರಿಸಿದರು. ಪೊಟ್ಟಣ ಬಿಚ್ಚಿದರೆ, ಆಡಮ್ಸ್‌ರ ಮಗ ಜಾನ್ ಕ್ವಿನ್ಸಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳ ಎರಡು ಸಂಪುಟ! ಇಂಥ ತಮಾಷೆ ಮಾಡುವ ಸಲುಗೆ ಆ ಹನ್ನೊಂದು ವರ್ಷಗಳಲ್ಲೂ ಸತ್ತಿರಲಿಲ್ಲ.

ಅಲ್ಲಿಂದ ಸಾವಿನವರೆಗೆ ಇಬ್ಬರ ನಡುವೆ 158 ಪತ್ರಗಳು. ಜೆಫರ್‌ಸನ್ ಒಂದು ಬರೆದರೆ ಆಡಮ್ಸ್ ಎರಡು ಬರೆಯುತ್ತಿದ್ದರು. ಸಾಯುವ ಮೊದಲು ನಾವು ಒಬ್ಬರಿಗೊಬ್ಬರು ನಮ್ಮನ್ನು ವಿವರಿಸಿಕೊಳ್ಳಬೇಕು ಎಂಬುದು ಆಡಮ್ಸ್‌ರ ಹಂಬಲ. ಧರ್ಮ, ಫ್ರಾನ್ಸಿನ ಕ್ರಾಂತಿ, ಮುಪ್ಪು, ಗ್ರೀಕ್ ಪುಸ್ತಕ ಎಲ್ಲವೂ ಬಂದವು. ಜೆಫರ್‌ಸನ್ನರನ್ನು ಹಳಿದು ಆಡಮ್ಸ್ ಹಿಂದೆ ಬೇರೊಬ್ಬರಿಗೆ ಬರೆದಿದ್ದ ಕಟು ಪತ್ರಗಳು 1823ರಲ್ಲಿ ಅಚ್ಚಾಗಿ ಹೊರಬಂದವು. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದವರು ಸ್ವತಃ ಜೆಫರ್‌ಸನ್. ಕ್ಯಾಲೆಂಡರನಿಗೆ ಹಣ ಕೊಟ್ಟ ಕೈಯೇ ಈ ಪತ್ರವನ್ನೂ ಬರೆದದ್ದು ಎಂದು ನೆನೆದಾಗ ಮನಸ್ಸು ಕರಗುತ್ತದೆ.

ಒಂದು ವಿಷಯವನ್ನು ಮಾತ್ರ ಅವರು ಪಟ್ಟುಹಿಡಿದು ಚರ್ಚಿಸಲಿಲ್ಲ. ಆಡಮ್ಸ್ ಜೀವಮಾನದಲ್ಲಿ ಒಬ್ಬ ಗುಲಾಮನನ್ನೂ ಇಟ್ಟುಕೊಂಡವರಲ್ಲ. ಜೆಫರ್‌ಸನ್ ಒಡೆತನದಲ್ಲಿ ಬದುಕಿದವರು ಆರುನೂರಕ್ಕೂ ಹೆಚ್ಚು. ಮಿಸೌರಿ ರಾಜ್ಯದಲ್ಲಿ ಗುಲಾಮಗಿರಿ ಇರಬೇಕೇ ಎಂದು ದೇಶವೇ ಹೊತ್ತಿ ಉರಿಯುತ್ತಿದ್ದಾಗಲೂ, ಅರ್ಧ ಶತಮಾನದಿಂದ ಈ ಕಾರ್ಮೋಡವನ್ನು ನೋಡುತ್ತಿದ್ದೇನೆ, ಇದು ನನಗೆ ಅರ್ಥವಾಗದು, ನಿಮಗೇ ಬಿಡುತ್ತೇನೆ ಎಂದು ದಕ್ಷಿಣದವರಿಗೆ ಹೇಳುತ್ತಲೇ ಬಂದೆ ಎಂದು 1821ರಲ್ಲಿ ಆಡಮ್ಸ್ ಬರೆದರು. ಎಲ್ಲದಕ್ಕೂ ಜಗಳಕ್ಕೆ ನಿಲ್ಲುತ್ತಿದ್ದವರು ಇದೊಂದರಲ್ಲಿ ಹಿಂದೆ ಸರಿದರು. ಗೆಳೆತನ ಉಳಿಯಿತು. ಅದರ ಬೆಲೆ ತೆತ್ತವರು ಬೇರೆಯವರು.

ಇಬ್ಬರೂ ತೀರಿಕೊಂಡದ್ದು ಒಂದೇ ದಿನ, ಘೋಷಣೆಗೆ ಐವತ್ತು ತುಂಬಿದ 1826ರ ಜುಲೈ 4ರಂದು. ಜೆಫರ್‌ಸನ್ನರ ಉಯಿಲು ಬಿಡುಗಡೆ ಮಾಡಿದ್ದು ಐವರನ್ನು, ಅವರಲ್ಲಿ ಇಬ್ಬರು ಸ್ಯಾಲಿಯ ಮಕ್ಕಳು. ಸ್ಯಾಲಿಯ ಹೆಸರು ಅದರಲ್ಲಿರಲಿಲ್ಲ. 1827ರ ಜನವರಿಯಲ್ಲಿ ಸಾಲ ತೀರಿಸಲು ಜೆಫರ್‌ಸನ್ನರ ಎಸ್ಟೇಟ್ ಮಾಂಟಿಸೆಲ್ಲೊದಲ್ಲಿ ಹರಾಜು ನಡೆಯಿತು. ಬಿಡುಗಡೆ ಪಡೆದ ಐವರಲ್ಲೊಬ್ಬನಾದ ಕಮ್ಮಾರ ಜೋಸೆಫ್ ಫಾಸೆಟ್‌ನ ಹೆಂಡತಿ, ಮಕ್ಕಳು ಆ ಹರಾಜಿನಲ್ಲಿ ಬೇರೆ ಬೇರೆಯವರ ಪಾಲಾದರು.