ಹಣೆಯ ಕೆಂಪಿಗೂ ಕಾಯ್ದೆಯುಂಟು

ಸಂಡೂರಿನ ಬೆಟ್ಟಗಳ ಕೆಂಪು ಹೆಮಟೈಟ್ ಅದಿರಿನದು, ಅಂದರೆ ಕಬ್ಬಿಣದ ಆಕ್ಸೈಡಿನದು. ಲಿಪ್‌ಸ್ಟಿಕ್, ಫೌಂಡೇಶನ್‌ಗಳಿಗೆ ಕೆಂಗಂದು ಛಾಯೆ ಕೊಡುವುದೂ ಇದೇ ಸಂಯುಕ್ತ. ಡಬ್ಬಿಯ ಮೇಲೆ ಅದರ ಗುರುತು ಸಿಐ 77491. ಹಾಗೆಂದು ಅಲ್ಲಿನ ದೋಣಿಮಲೈ ಗಣಿಯ ಅದಿರನ್ನು ಅರೆದು ತುಟಿಗೆ ಹಚ್ಚುವಂತಿಲ್ಲ. ನೆಲದಿಂದ ತೆಗೆದ ಅದಿರಿನ ಜೊತೆ ಸೀಸ, ಆರ್ಸೆನಿಕ್ ಕೂಡ ಬಂದಿರಬಹುದು. ಅದಕ್ಕಾಗಿಯೇ ಕಾಂತಿವರ್ಧಕಗಳಿಗೆ ಬೇಕಾದ ಆಕ್ಸೈಡನ್ನು ಕಬ್ಬಿಣದ ಲವಣಗಳಿಂದ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಅಮೆರಿಕದ ನಿಯಮ ಒಪ್ಪುವುದು ಹೀಗೆ ತಯಾರಾದದ್ದನ್ನು ಮಾತ್ರ. ಮಣ್ಣಿನ ಬಣ್ಣವಾದರೆ ಅಪಾಯವಿಲ್ಲ ಎಂಬ ನಂಬಿಕೆ ಸರಿಯಲ್ಲ.

ಭಾರತದಲ್ಲಿ ಕಾಂತಿವರ್ಧಕಗಳ ಬಣ್ಣದ ವಿಷಯ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ, ಅದರಡಿಯ 2020ರ ಕಾಂತಿವರ್ಧಕ ನಿಯಮಗಳಿಗೆ ಸೇರಿದ್ದು. ಯಾವ ಬಣ್ಣ ಬಳಸಬಹುದೆಂಬ ಪಟ್ಟಿ ಭಾರತೀಯ ಮಾನಕ ಬ್ಯೂರೋದ ಐಎಸ್ 4707ರಲ್ಲಿದೆ. ಬಣ್ಣ ಕೊಡಲೆಂದು ಸೀಸದ ಅಥವಾ ಆರ್ಸೆನಿಕ್‌ನ ಸಂಯುಕ್ತ ಸೇರಿಸುವುದು ಪೂರ್ತಿ ನಿಷಿದ್ಧ. ಅನುಮತಿಯಿರುವ ಸಾವಯವ ಬಣ್ಣಗಳಲ್ಲೂ ಸೀಸ ದಶಲಕ್ಷಕ್ಕೆ 20 ಭಾಗ, ಆರ್ಸೆನಿಕ್ 2 ಭಾಗ ಮೀರಕೂಡದು.

ನಿಯಮ ನಿಜಕ್ಕೂ ಪರೀಕ್ಷೆಗೆ ಒಳಗಾಗುವುದು ಕುಂಕುಮದಲ್ಲಿ. ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿದರೆ ಕೆಂಪಾಗುತ್ತದೆ. ಅಂಥ ಕುಂಕುಮದ ಚಿಟಿಕೆಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಕೃತಕ ಬಣ್ಣದ ಪುಡಿ ಸಾಮಾನ್ಯವಾಗಿ ಹಾಗೆ ಬದಲಾಗದು. ಆದರೆ ಸೀಸ ಇದೆಯೋ ಇಲ್ಲವೋ ಎಂಬುದನ್ನು ನಿಂಬೆರಸ ಹೇಳಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು. ಸಿಂಧೂರದ ವಿಷಯ ಇನ್ನೂ ಗಂಭೀರ: ಕೆಲವು ಸಿಂಧೂರಗಳ ಕಿತ್ತಳೆಗೆಂಪು ಸೀಸದ ಆಕ್ಸೈಡಿನಿಂದಲೇ ಬಂದದ್ದು. ಹಣೆಯಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುವ ಈ ಪುಡಿ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ.

ಬಣ್ಣದ ಜೊತೆಗೆ ಹಚ್ಚುವ ಮಿಂಚಿನ ಪುಡಿಯಲ್ಲಿ ಎರಡು ಬಗೆ. ಒಂದು ಅಭ್ರಕದ ಚಕ್ಕೆಗೆ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ್ದು. ಇನ್ನೊಂದು ಅಲ್ಯೂಮಿನಿಯಂ ಲೇಪದ ಪ್ಲಾಸ್ಟಿಕ್ ಚೂರು. ಕರಕುಶಲ ಕೆಲಸಕ್ಕೆಂದು ಮಾರುವ ಚೂಪು ಅಂಚಿನ ಗ್ಲಿಟರ್ ಕಣ್ಣಿನ ಸುತ್ತ ಹಚ್ಚಲು ತಕ್ಕುದಲ್ಲ. ಕಣ್ಣೊಳಗೆ ಬಿದ್ದರೆ ಪಾರದರ್ಶಕ ಪಟಲವನ್ನೇ ಗೀರಬಲ್ಲದು. ಸೂಕ್ಷ್ಮ ಪ್ಲಾಸ್ಟಿಕ್‌ನ ಕಾರಣಕ್ಕೆ ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಿಂದ ಕರಕುಶಲ ಕೆಲಸದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟಕ್ಕೆ ತಡೆ ಹಾಕಿದೆ.

ನಿಯಮ ಪಾಲನೆಗೆ ಗ್ರಾಹಕರ ಕೈಯಲ್ಲಿರುವ ಸಾಕ್ಷಿ ಲೇಬಲ್ ಒಂದೇ: ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಪದಾರ್ಥಗಳ ಪಟ್ಟಿ, ಬಳಕೆಯ ಅವಧಿ. ಹಂಪಿಯ ಗುಡಿ ಬೀದಿಯಲ್ಲಾಗಲಿ, ಹೊಸಪೇಟೆ, ಕಂಪ್ಲಿಯ ಸಂತೆಯಲ್ಲಾಗಲಿ, ರಾಶಿಯಿಂದ ತೂಗಿಕೊಟ್ಟ ಪುಡಿಗೆ ಇದಾವುದೂ ಇರದು. ‘ಪೂಜೆಗೆ ಮಾತ್ರ’ ಎಂದು ಅಚ್ಚಾದ ಪ್ಯಾಕೆಟ್ಟಿನ ವಿಷಯದಲ್ಲೂ ಎಚ್ಚರ ಬೇಕು. ಕಾಯ್ದೆಯ ಪ್ರಕಾರ ಕಾಂತಿವರ್ಧಕವೆಂದರೆ ಮೈಗೆ ಹಚ್ಚಲೆಂದೇ ತಯಾರಾದ ವಸ್ತು. ಪೂಜೆಗೆಂದು ಮಾರಿದ ಪುಡಿ ಆ ಮಾನದಂಡಕ್ಕೆ ತಕ್ಕಂತೆ ಪರೀಕ್ಷೆಯಾಗಿದೆ ಎಂದು ನಂಬಿ ಹಣೆಗಿಡುವಂತಿಲ್ಲ.