ಕಡಲ ಗಾಳಿಯಂತ್ರಗಳೂ ಬಿಡುವಿನ ಗಣನೆಯೂ

ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಕಡಲೊಳಗಿನ ಗಾಳಿಯಂತ್ರಗಳ ವಿಚಾರವೇಕೆಂದು ಕೆಲವರು ಶಂಕಿಸಬಹುದು. ಆ ಯಂತ್ರಗಳನ್ನು ನಿಲ್ಲಿಸುವವರು ಹವೆಯಿಂದೊದಗುವ ಅಪಾಯವನ್ನು ಅಳೆಯುವುದು ಗತಕಾಲದ ದಾಖಲೆಗಳಿಂದಲೇ ಆದುದರಿಂದ ಈ ವಿಷಯವು ನಮಗೆ ತೀರ ಹೊರಗಿನದಲ್ಲ.

ಜರ್ಮನಿಯ ಬೋರ್ಕುಮ್ ದ್ವೀಪದ ಉತ್ತರಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, 30 ಮೀಟರ್ ಆಳದ ನೀರಿನಲ್ಲಿ, ತಲಾ 5 ಮೆಗಾವಾಟ್ ಸಾಮರ್ಥ್ಯದ 12 ಯಂತ್ರಗಳುಳ್ಳ ‘ಆಲ್ಫಾ ವೆಂಟಸ್’ ಸ್ಥಾವರವು 2010ರಲ್ಲಿ ಉದ್ಘಾಟನೆಯಾಯಿತು. ಯಂತ್ರಗಳನ್ನು 2008ರಲ್ಲಿಯೇ ನಿಲ್ಲಿಸತೊಡಗಬೇಕೆಂದಿದ್ದರೂ ಹವೆ ಅನುಕೂಲಿಸದೆ ಆ ಕಾರ್ಯ 2009ಕ್ಕೆ ಮುಂದೆ ಹೋಯಿತು. ಕೆಲಸವಿಲ್ಲದೆ ನಿಂತ ದಿನಕ್ಕೂ ಹಡಗಿನ ಬಾಡಿಗೆ ತಪ್ಪದು; ಅವಸರಪಟ್ಟರೆ ಕೆಲಸಗಾರರ ಪ್ರಾಣಕ್ಕೇ ಸಂಚಕಾರ.

ರೆಕ್ಕೆಗಳನ್ನು ಮೇಲೆತ್ತಿ ಜೋಡಿಸುವಾಗ ಗಾಳಿಯ ವೇಗವು ಸಾಮಾನ್ಯವಾಗಿ ಸೆಕೆಂಡಿಗೆ 10–12 ಮೀಟರನ್ನು ಮೀರಕೂಡದು. ಹಡಗು ತನ್ನ ಉಕ್ಕಿನ ಕಾಲುಗಳನ್ನು ಕಡಲ ತಳಕ್ಕೂರಿ ನೀರಿನಿಂದ ಮೇಲೇಳುವ ಹೊತ್ತಿನಲ್ಲಿ ಅಲೆಗಳೂ ತಗ್ಗಿರಬೇಕು. ಆದರೆ ಇಂತಹ ಅನುಕೂಲದ ಗಂಟೆಗಳನ್ನು ಸುಮ್ಮನೆ ಕೂಡಿಸಿ ಸಮಾಧಾನಪಡುವಂತಿಲ್ಲ. ತಿಂಗಳಲ್ಲಿ ಅರ್ಧಕಾಲ ಕಡಲು ಶಾಂತವಾಗಿತ್ತೆನ್ನೋಣ. ಆ ಶಾಂತಿಯು ನಾಲ್ಕು ನಾಲ್ಕು ಗಂಟೆಗಳ ತುಣುಕುಗಳಾಗಿ ಬಂದಿದ್ದರೆ, ಹನ್ನೆರಡು ಗಂಟೆ ಬಿಡದೆ ನಡೆಯಬೇಕಾದ ಕೆಲಸಕ್ಕೆ ಅದರಿಂದ ಕಾಸಿನ ಪ್ರಯೋಜನವೂ ಇಲ್ಲ. ಸರಾಸರಿಯು ಇಲ್ಲಿ ಮೋಸಗೊಳಿಸುತ್ತದೆ. ಎಣಿಸಬೇಕಾದುದು ಅಖಂಡವಾದ ಬಿಡುವುಗಳನ್ನು.

ಈ ಕಾರಣದಿಂದ ಯೋಜಕರು ಗತವರ್ಷಗಳ ಹವೆಯನ್ನು ಒಂದೊಂದಾಗಿ ತೆಗೆದುಕೊಂಡು, ಇಡೀ ಕಾರ್ಯವನ್ನು ಅದರಲ್ಲಿ ಗಣಕದ ಮೂಲಕ ನಡೆಸಿ ನೋಡುತ್ತಾರೆ. 1990ರ ಮೇ ತಿಂಗಳಲ್ಲಿ ಆರಂಭಿಸಿದ್ದರೆ ಎಂದು ಮುಗಿಯುತ್ತಿತ್ತು? 1991ರಲ್ಲಾದರೆ? ಹೀಗೆ 30 ವರ್ಷಗಳಲ್ಲಿ 27 ಬಾರಿ ಅಕ್ಟೋಬರಿನೊಳಗೆ ಮುಗಿಯುವುದಾದರೆ, ಆ ಗಡುವಿಗೆ ನೂರಕ್ಕೆ 90ರಷ್ಟು ಭರವಸೆ. ಉಳಿದ ಮೂರು ವರ್ಷಗಳನ್ನೇ ನಾನಂತೂ ಹೆಚ್ಚು ಆಸ್ಥೆಯಿಂದ ಓದುವೆನು. ಅಡಿಪಾಯದ ಕೆಲಸ ಎರಡು ವಾರ ತಡವಾದರೂ ಸಾಕು, ಯಂತ್ರಗಳ ಜೋಡಣೆಯು ಶರತ್ಕಾಲದ ಬಿರುಗಾಳಿಗಳಿಗೆ ಸಿಕ್ಕಿ ತಿಂಗಳುಗಟ್ಟಲೆ ಹಿಂದೆ ಬೀಳಬಹುದು.

ಇನ್ನು ಆಕರಗಳ ಮಾತು. ಆಲ್ಫಾ ವೆಂಟಸಿನ ಸಮೀಪದಲ್ಲಿಯೇ ‘ಫಿನೋ 1’ ಎಂಬ ಅಳತೆಯ ಕಂಬವು 2003ರಿಂದ ಗಾಳಿ, ಅಲೆಗಳನ್ನು ದಾಖಲಿಸತೊಡಗಿತು. 2006ರ ನವೆಂಬರ್ 1ರ ‘ಬ್ರಿಟಾ’ ಬಿರುಗಾಳಿಯಲ್ಲಿ ಆ ಕಟ್ಟಣೆಗೇ ಹಾನಿಯಾಯಿತು. ಮೊದಲ ಮೂರು ವರ್ಷಗಳ ದಾಖಲೆಯನ್ನಷ್ಟೇ ನೋಡಿದವನಿಗೆ ಅಂತಹ ಬಿರುಗಾಳಿಯ ಅರಿವಾಗುವುದೆಂತು? ಈ ಕೊರತೆಯನ್ನು ತುಂಬಲು, ಹಳೆಯ ವೀಕ್ಷಣೆಗಳನ್ನೂ ಗಣಕವನ್ನೂ ಆಧರಿಸಿ 1940ರಿಂದೀಚಿನ ಹವೆಯನ್ನು ಗಂಟೆಗಂಟೆಗೂ ಪುನಾರಚಿಸಿದ ‘ಇಆರ್‌ಎ 5’ ಎಂಬ ಯೂರೋಪಿನ ಸಂಗ್ರಹವಿದೆ. ಆದರೆ ಪುನಾರಚನೆಯು ಪ್ರತ್ಯಕ್ಷಸಾಕ್ಷಿಯಲ್ಲ. ಪ್ರಬಲ ಬಿರುಗಾಳಿಗಳ ಉಚ್ಚವೇಗವನ್ನು ಅದು ಕೆಲವೊಮ್ಮೆ ತಗ್ಗಿಸಿ ತೋರಿಸುವುದರಿಂದ, ಫಿನೋ ಕಂಬದಂತಹವುಗಳ ಅಳತೆಗಳೊಡನೆ ತಾಳೆನೋಡಿ ತಿದ್ದಿಕೊಂಡ ಬಳಿಕವೇ ಅದನ್ನು ಗಣನೆಗೆ ಬಳಸಬೇಕಾಗುತ್ತದೆ.